ಡಿಬಗ್ ಲಾಗ್‌ಗಳ ಕಸ ತೆಗೆಯುವುದು ಹೇಗೆ: ಎಲ್ಲಿಂದ ಶುರು ಮಾಡಬೇಕು, ಎಲ್ಲಿ ಕೈ ತಡೆಯಬೇಕು

"ನಮ್ಮ ಕೋಡ್‌ನಲ್ಲಿ ಸಾವಿರಾರು ಪ್ರಿಂಟ್ ಸಾಲುಗಳು ಉಳಿದುಬಿಟ್ಟಿವೆ. ಎಲ್ಲವನ್ನೂ ಒಂದೇ ಏಟಿಗೆ ತೆಗೆಯುವ ಕಮಾಂಡ್ ಯಾವುದು?" ಓದುಗರಿಂದ ನನಗೆ ಮತ್ತೆ ಮತ್ತೆ ಬರುವ ಪ್ರಶ್ನೆ ಇದು. ಕಮಾಂಡ್ ಇದೆ, ಬರೆಯಲು ಐದು ನಿಮಿಷ ಸಾಕು. ಆದರೆ ದೊಡ್ಡ ಕೋಡ್‌ಬೇಸ್‌ನ ಮೇಲೆ ಅದನ್ನು ಓಡಿಸಿದರೆ ನೆಗಡಿ ಆಯಿತೆಂದು ಮೂಗು ಕೊಯ್ದುಕೊಂಡ ಹಾಗಾಗುತ್ತದೆ. ಲಾಗ್ ಸಾಲನ್ನು, ಅಂದರೆ ಪ್ರೋಗ್ರಾಮ್ ಓಡುವಾಗ ಏನಾಗುತ್ತಿದೆಯೆಂದು ಬರೆದುಹಾಕುವ ಇಂಥ ಸಾಲನ್ನು, ನಾವು ಕಾಮೆಂಟಿನ ಥರ ನೋಡುತ್ತೇವೆ, ಅಳಿಸಿದರೆ ಏನೂ ಆಗದು ಎಂದುಕೊಳ್ಳುತ್ತೇವೆ. ಅದು ಕಾಮೆಂಟ್ ಅಲ್ಲ, ಓಡುವ ಕೋಡ್. ಫಂಕ್ಷನ್ ಕರೆಯುತ್ತದೆ, ಸಮಯ ತಿನ್ನುತ್ತದೆ, ಕೆಲವೊಮ್ಮೆ ಡೇಟಾವನ್ನೂ ಬದಲಿಸುತ್ತದೆ. ಹಾಗಾಗಿ ಕೋಡ್ ಅಳಿಸುವಾಗ ಎಷ್ಟು ಎಚ್ಚರ ಬೇಕೋ ಅಷ್ಟೇ ಎಚ್ಚರ ಇಲ್ಲೂ ಬೇಕು. ಕೆಳಗಿನ ಹಂತಗಳೆಲ್ಲ ಈ ಒಂದು ಮಾತಿನ ಮೇಲೆ ನಿಂತಿವೆ.

ಶುರು ಮಾಡುವ ಮುನ್ನ ಏನೇನು ಬೇಕು

ಕೋಡ್ ಗಿಟ್‌ನಲ್ಲಿ, ಅಂದರೆ ಪ್ರತಿ ಬದಲಾವಣೆಯ (ಕಮಿಟ್) ಇತಿಹಾಸ ಇಟ್ಟುಕೊಳ್ಳುವ ಸಾಧನದಲ್ಲಿ, ಇರಬೇಕು, ಅಲ್ಪಸ್ವಲ್ಪವಾದರೂ ಟೆಸ್ಟ್‌ಗಳಿರಬೇಕು. ಇದು ಎಲ್ಲರಿಗೂ ಗೊತ್ತು. ಬಹಳ ಜನ ಮರೆಯುವುದು ಇನ್ನೆರಡನ್ನು.

ಒಂದು, ಪ್ರೊಡಕ್ಷನ್ ಲಾಗ್, ಅಂದರೆ ನಿಜವಾದ ಬಳಕೆದಾರರಿಗೆ ಓಡುತ್ತಿರುವ ಸೇವೆಯ ಲಾಗ್, ನೋಡುವ ಅನುಮತಿ. ಯಾವ ಸಾಲು ದಿನಕ್ಕೆ ಎಷ್ಟು ಸಲ ಬೀಳುತ್ತಿದೆ ಎಂದು ಕಣ್ಣಾರೆ ನೋಡದೆ ಯಾವುದು ಕಸ, ಯಾವುದು ಕಾಳು ಎಂದು ಹೇಳಲಾಗದು.

ಎರಡು, ಕೋಡ್‌ನ ರಚನೆ ಅರ್ಥವಾಗುವ ಹುಡುಕು ಸಾಧನ. ಗ್ರೆಪ್ ಅಕ್ಷರಗಳನ್ನಷ್ಟೇ ಹುಡುಕುತ್ತದೆ. ನಾಲ್ಕು ಸಾಲಿಗೆ ಹರಡಿಕೊಂಡ ಲಾಗ್ ಕರೆಯಲ್ಲಿ ಮೊದಲ ಸಾಲನ್ನು ಮಾತ್ರ ಹಿಡಿದು ಉಳಿದ ಮೂರನ್ನು ನಡುಬೀದಿಯಲ್ಲಿ ಬಿಡುತ್ತದೆ. ಎಎಸ್‌ಟಿ-ಗ್ರೆಪ್, ಸೆಮ್‌ಗ್ರೆಪ್‌ನಂಥವು ಕೋಡನ್ನು ಸಿಂಟ್ಯಾಕ್ಸ್ ಟ್ರೀ ಆಗಿ, ಅಂದರೆ ವ್ಯಾಕರಣದ ಪ್ರಕಾರ ಬಿಡಿಸಿದ ಮರದ ರೂಪದಲ್ಲಿ ಓದುತ್ತವೆ. ಅವುಗಳಿಗೆ ಕರೆ ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆಂದು ಗೊತ್ತಿರುತ್ತದೆ. ಸಿ ಭಾಷೆಯವರಿಗೆ ಕಾಕ್ಸಿನೆಲ್ ಇದೆ. ಲಿನಕ್ಸ್ ಕರ್ನಲ್‌ನಲ್ಲಿ ದೊಡ್ಡ ಪ್ರಮಾಣದ ತಿದ್ದುಪಡಿಗೆ ಅದನ್ನು ಬಳಸುತ್ತಾರೆ.

ಇನ್ನು, ಲೇಖನದುದ್ದಕ್ಕೂ ಬರುವ ಒಂದು ಪದ: ಮಟ್ಟ. ಲಾಗಿಂಗ್ ಲೈಬ್ರರಿಗಳು ಪ್ರತಿ ಸಂದೇಶಕ್ಕೂ ಅದರ ಗಂಭೀರತೆಯ ಮಟ್ಟವೊಂದನ್ನು ಕೊಡುತ್ತವೆ. 2009ರ ಆರ್‌ಎಫ್‌ಸಿ 5424 ಎಂಬ ಸಿಸ್‌ಲಾಗ್ ಮಾನಕದಲ್ಲಿ 0ಯಿಂದ 7ರವರೆಗೆ ಎಂಟು ಮಟ್ಟಗಳಿವೆ. 0 ಎಂದರೆ ವ್ಯವಸ್ಥೆಯೇ ಕೈಕೊಟ್ಟಿದೆ, 7 ಎಂದರೆ ಡಿಬಗ್. ಪೈಥಾನ್‌ನಲ್ಲಿ ಲೆಕ್ಕ ಉಲ್ಟಾ: ಡಿಬಗ್ 10, ಇನ್ಫೋ 20, ವಾರ್ನಿಂಗ್ 30, ಎರರ್ 40, ಕ್ರಿಟಿಕಲ್ 50. ಎರಡು ಭಾಷೆಯ ಸೇವೆಗಳ ಲಾಗ್ ಒಂದೇ ಕಡೆ ಸೇರುವಲ್ಲಿ ಈ ಉಲ್ಟಾ ಲೆಕ್ಕ ಚೆನ್ನಾಗಿ ಕಾಡುತ್ತದೆ.

ಹಂತ 1: ಮೊದಲು ಹೊಸ ಕಸ ಬೀಳದಂತೆ ನೋಡಿಕೊಳ್ಳಿ

ನೀವು ವಾರಗಟ್ಟಲೆ ಕೂತು ಮುನ್ನೂರು ಸಾಲು ತೆಗೆಯುವಷ್ಟರಲ್ಲಿ ತಂಡದವರು ಇನ್ನೂರು ಸೇರಿಸಿದರೆ ಅದು ಹೊಳೆಯಲ್ಲಿ ಹುಣಸೆ ಕಿವುಚಿದಂತೆ. ಆದ್ದರಿಂದ ಹಳೆಯದನ್ನು ಮುಟ್ಟುವ ಮೊದಲೇ ಲಿಂಟರ್ ಕೂರಿಸಿ. ಲಿಂಟರ್ ಎಂದರೆ ಕೋಡನ್ನು ಓಡಿಸದೆಯೇ ಓದಿ ತಪ್ಪು ತೋರಿಸುವ ಸಾಧನ. ಜಾವಾಸ್ಕ್ರಿಪ್ಟ್‌ಗೆ ಇಎಸ್‌ಲಿಂಟ್‌ನಲ್ಲಿ ನೋ-ಕನ್ಸೋಲ್ ನಿಯಮವಿದೆ. ಪೈಥಾನ್‌ಗೆ ರಫ್‌ನ ಟಿ201 ನಿಯಮ ಪ್ರಿಂಟ್ ಕರೆಗಳನ್ನು ಹಿಡಿಯುತ್ತದೆ. ರಸ್ಟ್ ಬರೆಯುವವರಿಗೆ ಕ್ಲಿಪ್ಪಿಯಲ್ಲಿ ಡಿಬಗ್ ಪ್ರಿಂಟ್‌ಗೆ ಬಳಸುವ ಡಿಬಿಜಿ ಮ್ಯಾಕ್ರೋ ಹಿಡಿಯುವ ನಿಯಮವಿದೆ.

ಹಳೆಯ ಕೋಡ್‌ನಲ್ಲಿ ಇದನ್ನು ಆನ್ ಮಾಡಿದೊಡನೆ ಪರದೆ ತುಂಬ ಕೆಂಪು ತುಂಬಿಕೊಳ್ಳುತ್ತದೆ, ಮಾರನೇ ದಿನ ಯಾರೋ ಆಫ್ ಮಾಡಿಬಿಡುತ್ತಾರೆ. ಹಾಗಾಗದಂತೆ, ಈಗ ಇರುವ ತಪ್ಪುಗಳನ್ನೆಲ್ಲ ಒಂದು ಫೈಲ್‌ನಲ್ಲಿ ಪಟ್ಟಿ ಮಾಡಿ 'ಇವು ಸದ್ಯಕ್ಕೆ ಮಾಫಿ' ಎಂದು ಇಟ್ಟುಕೊಳ್ಳಿ. ಇದಕ್ಕೆ ಬೇಸ್‌ಲೈನ್ ಎನ್ನುತ್ತಾರೆ. ಬೇಸ್‌ಲೈನ್‌ನಲ್ಲಿ ಇಲ್ಲದ ಹೊಸ ಸಾಲು ಬಂದರೆ ಸಿಐ, ಅಂದರೆ ಪ್ರತಿ ಕಮಿಟ್‌ಗೂ ತಾನೇ ಪರೀಕ್ಷೆ ನಡೆಸುವ ವ್ಯವಸ್ಥೆ, ಅದನ್ನು ತಡೆಯಲಿ. ಪಟ್ಟಿ ಕುಗ್ಗಬಹುದು, ಹಿಗ್ಗಬಾರದು.

ಹಂತ 2: ಗುಟ್ಟು ಸೋರುವ ಸಾಲುಗಳನ್ನು ಹುಡುಕಿ

ಉಳಿದದ್ದೆಲ್ಲ ನಿಧಾನಕ್ಕೆ ಮಾಡಬಹುದು, ಇದನ್ನು ಇವತ್ತೇ ಮಾಡಿ. ಪಾಸ್‌ವರ್ಡ್, ಟೋಕನ್, ಒಟಿಪಿ, ಕಾರ್ಡ್ ಸಂಖ್ಯೆ, ಆಥರೈಸೇಶನ್ ಹೆಡರ್ ಇವು ಲಾಗ್‌ಗೆ ಹೋಗುತ್ತಿವೆಯೇ ನೋಡಿ. ಭದ್ರತಾ ದೋಷಗಳ ಪಟ್ಟಿಯಲ್ಲಿ ಇದಕ್ಕೆ ಸಿಡಬ್ಲ್ಯೂಇ-532 ಎಂಬ ಸ್ವಂತ ಸಂಖ್ಯೆಯೇ ಇದೆ. ದೊಡ್ಡವರೂ ಇದರಲ್ಲಿ ಎಡವಿದ್ದಾರೆ. 2018ರ ಮೇ ತಿಂಗಳಲ್ಲಿ ಟ್ವಿಟರ್ ತನ್ನ 33 ಕೋಟಿ ಬಳಕೆದಾರರಿಗೆ ಪಾಸ್‌ವರ್ಡ್ ಬದಲಿಸಿಕೊಳ್ಳಲು ಹೇಳಿತು. ಹ್ಯಾಶ್ ಮಾಡುವ ಕೆಲಸ ಮುಗಿಯುವ ಮುಂಚೆಯೇ, ಅಂದರೆ ಪಾಸ್‌ವರ್ಡನ್ನು ಓದಲಾಗದ ರೂಪಕ್ಕೆ ತಿರುಗಿಸುವ ಮೊದಲೇ, ಅದು ಇದ್ದಂತೆಯೇ ಒಳಗಿನ ಲಾಗ್ ಒಂದರಲ್ಲಿ ದಾಖಲಾಗುತ್ತಿತ್ತು.

ಹುಡುಕುವಾಗ 'ಪಾಸ್‌ವರ್ಡ್' ಎಂಬ ಪದ ಹುಡುಕಿ ಸುಮ್ಮನಾಗಬೇಡಿ. ನಿಜವಾದ ಅಪಾಯ ಇರುವುದು ಇಡೀ ರಿಕ್ವೆಸ್ಟನ್ನೋ ಇಡೀ ಯೂಸರ್ ಆಬ್ಜೆಕ್ಟನ್ನೋ ಸುರಿಯುವ ಸಾಲಿನಲ್ಲಿ. ಅಲ್ಲಿ ಪಾಸ್‌ವರ್ಡ್ ಎಂಬ ಪದವೇ ಇರುವುದಿಲ್ಲ, ಪಾಸ್‌ವರ್ಡ್ ಇರುತ್ತದೆ.

ಸಿಕ್ಕಿದ ಮೇಲೆ ಸಾಲು ಅಳಿಸಿದರೆ ಮುಗಿಯಲಿಲ್ಲ. ನಿನ್ನೆಯವರೆಗಿನ ಲಾಗ್‌ಗಳು ಸರ್ವರ್‌ನಲ್ಲಿವೆ, ಬ್ಯಾಕಪ್‌ನಲ್ಲಿವೆ, ಹೊರಗಿನ ಲಾಗ್ ಸೇವೆಗೂ ಹೋಗಿರಬಹುದು. ಭದ್ರತೆ ನೋಡಿಕೊಳ್ಳುವವರಿಗೆ ತಿಳಿಸಿ, ಆ ಟೋಕನ್‌ಗಳನ್ನು ಬದಲಿಸಿ, ಹಳೆಯ ಲಾಗ್‌ಗಳಿಂದಲೂ ತೆಗೆಸಿ.

ಹಂತ 3: ಎಣಿಸಿ

ಯಾವ ಫೋಲ್ಡರ್‌ನಲ್ಲಿ ಎಷ್ಟು ಸಾಲು, ಯಾವ ತಂಡದ್ದು ಎಂದು ಒಂದು ಪಟ್ಟಿ. ಅಷ್ಟು ಸಾಕು. ಇದಕ್ಕೆ ಡ್ಯಾಶ್‌ಬೋರ್ಡ್ ಕಟ್ಟಲು ಹೋಗಿ ವಾರ ಕಳೆದವರಿದ್ದಾರೆ, ನೀವು ಆ ಸಾಲಿಗೆ ಸೇರಬೇಡಿ. ಒಂದು ಮಾತು ನೆನಪಿರಲಿ: ಹಳೆಯ ಕೋಡ್‌ನಲ್ಲಿ ಯಾರಾದರೂ ತಮ್ಮದೇ ಸಣ್ಣ ಲಾಗ್ ಫಂಕ್ಷನ್ ಬರೆದಿಟ್ಟಿರುತ್ತಾರೆ. ಅದರ ಹೆಸರು 'ಡಂಪ್', 'ಟ್ರೇಸ್‌ಇಟ್' ಎಂದೇನೋ ಇರುತ್ತದೆ. ಪ್ರಿಂಟ್ ಮಾತ್ರ ಹುಡುಕಿದರೆ ಅವು ಸಿಗುವುದಿಲ್ಲ.

ಹಂತ 4: ವಿಂಗಡಿಸಿ

ಕೆಲಸದ ಬಹುಪಾಲು ಇಲ್ಲಿದೆ. ಪ್ರತಿ ಸಾಲಿನ ಮುಂದೆ ನಿಂತು ಒಂದು ಪ್ರಶ್ನೆ ಕೇಳಿ: ರಾತ್ರಿ ಎರಡು ಗಂಟೆಗೆ ಸೇವೆ ಕೆಟ್ಟು ನಿಂತಾಗ ಈ ಸಾಲು ನನಗೆ ಏನಾದರೂ ಹೇಳುತ್ತದೆಯೇ?

"ಇಲ್ಲಿಗೆ ಬಂತು", "ಇಲ್ಲಿಗೂ ಬಂತು", "ಇಲ್ಲಿಗೆ ಬಂತು 2", ಬರೀ ನಕ್ಷತ್ರ ಚಿಹ್ನೆಗಳ ಸಾಲು, ಬರೆದವರ ಹೆಸರಿನ ಮೊದಲಕ್ಷರ. ಇವು ಯಾರೋ ಒಂದು ಮಧ್ಯಾಹ್ನ ಒಂದು ಬಗ್ ಹಿಡಿಯಲು ಹಾಕಿಕೊಂಡವು. ಬಗ್ ಸಿಕ್ಕಿತು, ಸಾಲು ಉಳಿಯಿತು. ಇವನ್ನು ಯೋಚಿಸದೆ ಅಳಿಸುವ ಪಟ್ಟಿಗೆ ಹಾಕಿ.

ಹಣ ಪಾವತಿ ವಿಫಲ, ಹೊರಗಿನ ಸೇವೆ ಉತ್ತರ ಕೊಡಲಿಲ್ಲ, ಸಂರಚನೆಯ ಫೈಲ್ ಸಿಗದೆ ಡೀಫಾಲ್ಟ್ ಬಳಸಲಾಯಿತು. ಇಂಥವು ಪ್ರಿಂಟ್ ರೂಪದಲ್ಲಿದ್ದರೂ ಕಸವಲ್ಲ. ಇವನ್ನು ಸರಿಯಾದ ಮಟ್ಟದ ಲಾಗ್ ಆಗಿ ಬದಲಿಸಬೇಕು.

ತಲೆನೋವು ಇವೆರಡರ ನಡುವಿನವು. 'ಆರ್ಡರ್ ಸ್ಥಿತಿ: 3' ಎಂಬಂಥ ಸಾಲುಗಳು. ಯಾಕೆ ಹಾಕಿದ್ದರು? ಪ್ರತಿ ಸಾಲನ್ನು ಕೊನೆಯಲ್ಲಿ ಮುಟ್ಟಿದವರನ್ನು ತೋರಿಸುವ ಗಿಟ್ ಬ್ಲೇಮ್ ನೋಡಿದರೆ ಕೊನೆಯ ಸಲ ಸ್ಪೇಸ್ ಸರಿಪಡಿಸಿದವರ ಹೆಸರು ಬರಬಹುದು. ಅದಕ್ಕಿಂತ ಗಿಟ್ ಲಾಗ್‌ಗೆ ದೊಡ್ಡಕ್ಷರದ ಎಸ್ ಆಯ್ಕೆ ಕೊಟ್ಟು ಆ ಸಂದೇಶದ ಪಠ್ಯವನ್ನೇ ಹುಡುಕಿ. ಆ ಪಠ್ಯ ಮೊದಲು ಸೇರಿದ ಕಮಿಟ್ ಸಿಗುತ್ತದೆ, ಜೊತೆಗೆ ಬಹಳ ಸಲ ಕಾರಣವೂ ಸಿಗುತ್ತದೆ. ಕಮಿಟ್ ಸಂದೇಶ 'ಫಿಕ್ಸ್' ಎಂದಷ್ಟೇ ಇದ್ದರೆ ಆ ಕೋಡ್‌ನ ಈಗಿನ ಜವಾಬ್ದಾರರನ್ನು ಕೇಳಿ. ಅವರಿಗೂ ಗೊತ್ತಿಲ್ಲವೆಂದರೆ ನನ್ನ ಪ್ರಕಾರ ಅಳಿಸಿಬಿಡಿ. ಗಿಟ್‌ನಲ್ಲಿ ಹೇಗೂ ಇರುತ್ತದೆ. 'ಮುಂದೆ ಬೇಕಾಗಬಹುದು' ಎಂದು ಕಾಮೆಂಟ್ ಮಾಡಿ ಬಿಡುವುದು ಮಾತ್ರ ಬೇಡ. ಅದು ಕಸವನ್ನು ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಗುಡಿಸಿದ ಹಾಗೆ.

ಇನ್ನೊಂದು ಬಗೆ ಇದೆ, ನೋಡಲು ಥೇಟ್ ಡಿಬಗ್ ಪ್ರಿಂಟ್, ಆದರೆ ಅದೇ ಪ್ರೋಗ್ರಾಮಿನ ಕೆಲಸ. ಕಮಾಂಡ್ ಲೈನ್ ಸಾಧನವೊಂದು ಉತ್ತರವನ್ನು ಪ್ರಿಂಟ್ ಮೂಲಕವೇ ಕೊಡುತ್ತದೆ. ಅದನ್ನು ಲಾಗ್‌ಗೆ ಬದಲಿಸಿದರೆ ಆ ಉತ್ತರವನ್ನು ಓದುತ್ತಿದ್ದ ಶೆಲ್ ಸ್ಕ್ರಿಪ್ಟ್‌ಗೆ ಖಾಲಿ ಕೈ. ಇದರ ತಿರುವುಮುರುವೂ ಉಂಟು: ಎಡಿಟರ್‌ಗೆ ಕೋಡ್‌ನ ಸಲಹೆ ಕೊಡುವ ಲ್ಯಾಂಗ್ವೇಜ್ ಸರ್ವರ್‌ನಂಥ ಪ್ರೋಗ್ರಾಮ್‌ಗಳು ಸ್ಟ್ಯಾಂಡರ್ಡ್ ಔಟ್‌ಪುಟ್ (ಪ್ರಿಂಟ್ ಬರೆಯುವ ಹಾದಿ) ಮೂಲಕ ಎಡಿಟರ್ ಜೊತೆ ಮಾತಾಡುವಾಗ, ನಡುವೆ ಒಂದು ಪ್ರಿಂಟ್ ತೂರಿಕೊಂಡರೆ ಸಂಭಾಷಣೆಯೇ ಹಾಳಾಗುತ್ತದೆ. ಅಂಥಲ್ಲಿ ಲಾಗ್ ಸ್ಟ್ಯಾಂಡರ್ಡ್ ಎರರ್‌ಗೆ ಅಥವಾ ಫೈಲ್‌ಗೆ ಹೋಗಬೇಕು.

ಹಂತ 5: ಈ ಸಾಲನ್ನು ಯಾರು ಓದುತ್ತಿದ್ದಾರೆ?

ನಾನೊಮ್ಮೆ 'ಕೆಲಸ ಮುಗಿಯಿತು' ಎಂಬ ನಿರುಪದ್ರವಿ ಸಾಲೊಂದನ್ನು ತೆಗೆದೆ. ಅದೇ ಪದಗಳಿಗಾಗಿ ಪ್ರತಿ ಗಂಟೆ ಲಾಗ್ ಹುಡುಕುವ ಸ್ಕ್ರಿಪ್ಟ್ ಬೇರೆ ತಂಡದ ಸರ್ವರ್‌ನಲ್ಲಿತ್ತು. ಸಾಲು ಸಿಗಲಿಲ್ಲ, ರಾತ್ರಿಯಿಡೀ ಎಚ್ಚರಿಕೆ ಗಂಟೆ ಬಾರಿಸಿತು. ಕೆಲಸವೇನೋ ಸರಿಯಾಗಿ ಮುಗಿಯುತ್ತಲೇ ಇತ್ತು.

ಆದ್ದರಿಂದ ಅಳಿಸುವ ಪಟ್ಟಿಯ ಸಂದೇಶಗಳನ್ನು ಮೂರು ಕಡೆ ಹುಡುಕಿ: ಎಚ್ಚರಿಕೆಯ ನಿಯಮಗಳಲ್ಲಿ, ಲಾಗ್ ಸೇವೆಯಲ್ಲಿ ಉಳಿಸಿಟ್ಟ ಹುಡುಕಾಟಗಳಲ್ಲಿ, ಮತ್ತು ಟೆಸ್ಟ್‌ಗಳಲ್ಲಿ. ಪೈಥಾನ್‌ನಲ್ಲಿ ಕ್ಯಾಪ್‌ಲಾಗ್, ಅಸರ್ಟ್‌ಲಾಗ್ಸ್ ಬಳಸಿದ ಟೆಸ್ಟ್‌ಗಳು ಲಾಗ್ ಪಠ್ಯವನ್ನೇ ಪರೀಕ್ಷಿಸುತ್ತವೆ. ಟೆಸ್ಟ್ ಮುರಿದರೆ ಅದು ಒಳ್ಳೆಯ ಸುದ್ದಿ, ಕನಿಷ್ಠ ಗೊತ್ತಾಯಿತು. ಗೊತ್ತಾಗದೆ ಮುರಿಯುವುದು ಗೊತ್ತಾದ ಹೊತ್ತಿಗೆ ತಾನೇ ಕೆಲಸ ಓಡಿಸುವ ಕ್ರಾನ್‌ನಲ್ಲಿ ಕೂತ ಹಳೆಯ ಸ್ಕ್ರಿಪ್ಟ್‌ಗಳು. ಅವುಗಳಿಗೆ ಇರುವ ಉಪಾಯ ಒಂದೇ, ಸಂಬಂಧಪಟ್ಟ ತಂಡಗಳಿಗೆ ಪಟ್ಟಿ ಕಳಿಸಿ ಒಂದು ವಾರ ಕಾಯುವುದು.

ಹಂತ 6: ಅಳಿಸಿ, ಆದರೆ ಈ ಗುಂಡಿಗಳನ್ನು ನೋಡಿಕೊಂಡು

ಈಗ ಸಾಧನ ಓಡಿಸಬಹುದು. ಸಾಧನಕ್ಕೆ ಗೊತ್ತಾಗದ, ರಿವ್ಯೂನಲ್ಲಿ ಕಣ್ಣು ತಪ್ಪಿಸುವ ಜಾಗಗಳಿವು.

ಬ್ರೇಸ್, ಅಂದರೆ ಪುಷ್ಪಾವರಣ, ಇಲ್ಲದ ಇಫ್. ಈ ಮೂರು ಸಾಲು ನೋಡಿ:

ಇಫ್ (ದಾಸ್ತಾನು == 0)
    ಲಾಗ್("ದಾಸ್ತಾನು ಖಾಲಿ");
ಆರ್ಡರ್_ದಾಖಲಿಸು(ಐಡಿ);

ಸಿ, ಜಾವಾ, ಜಾವಾಸ್ಕ್ರಿಪ್ಟ್‌ಗಳಲ್ಲಿ ಬ್ರೇಸ್ ಇಲ್ಲದಿದ್ದರೆ ಇಫ್‌ನ ಹಿಡಿತ ಮುಂದಿನ ಒಂದು ಹೇಳಿಕೆಗೆ ಮಾತ್ರ. ನಡುವಿನ ಸಾಲು ಅಳಿಸಿದಿರಿ ಎನ್ನಿ. ಇಫ್ ಈಗ ಕೆಳಗಿನ ಸಾಲನ್ನು ಹಿಡಿದುಕೊಳ್ಳುತ್ತದೆ. ದಾಸ್ತಾನು ಖಾಲಿಯಾದಾಗ ಮಾತ್ರ ಆರ್ಡರ್ ದಾಖಲಾಗುತ್ತದೆ. ಕಂಪೈಲರ್ ದೂರುವುದಿಲ್ಲ, ಬದಲಾವಣೆ ತೋರಿಸುವ ಡಿಫ್‌ನಲ್ಲಿ ಕಾಣುವುದು ಒಂದು ಲಾಗ್ ಸಾಲು ಹೋದದ್ದಷ್ಟೇ. ರಿವ್ಯೂ ಮಾಡುವವರು ನಗುತ್ತಾ ಒಪ್ಪಿಗೆ ಕೊಡುತ್ತಾರೆ. ಅಳಿಸುವ ಮೊದಲೇ ಫಾರ್ಮ್ಯಾಟರ್ ಅಥವಾ ಲಿಂಟರ್‌ನ ತಾನೇ ತಿದ್ದುವ ಸೌಲಭ್ಯದಿಂದ ಎಲ್ಲ ಇಫ್‌ಗಳಿಗೂ ಬ್ರೇಸ್ ಹಾಕಿಸಿಬಿಡಿ. ಅದು ಬೇರೆಯೇ ಕಮಿಟ್ ಆಗಿರಲಿ.

ಪೈಥಾನ್‌ನಲ್ಲಿ ಇದೇ ತಪ್ಪು ಗದ್ದಲ ಮಾಡಿಕೊಂಡು ಬರುತ್ತದೆ: ಬ್ಲಾಕ್‌ನಲ್ಲಿದ್ದ ಒಂದೇ ಸಾಲು ಹೋದರೆ ಫೈಲ್ ಓಡುವುದೇ ಇಲ್ಲ. ಗದ್ದಲ ಮಾಡುವ ತಪ್ಪು ಒಳ್ಳೆಯದು. ಆದರೆ ಆಗ ಅವಸರದಲ್ಲಿ 'ಪಾಸ್' ಎಂದು ಬರೆದು ಮುಂದೆ ಹೋಗಬೇಡಿ, ಯಾಕೆಂದರೆ ಮುಂದಿನ ಗುಂಡಿ ಅದೇ.

ಖಾಲಿಯಾದ ಕ್ಯಾಚ್. ಎಕ್ಸೆಪ್ಷನ್ ಹಿಡಿಯುವ ಬ್ಲಾಕ್‌ನಲ್ಲಿ ಇದ್ದದ್ದು ಒಂದೇ ಪ್ರಿಂಟ್. ಅದನ್ನು ತೆಗೆದರೆ ದೋಷ ಬಂದದ್ದೂ ಗೊತ್ತಿಲ್ಲ, ಹೋದದ್ದೂ ಗೊತ್ತಿಲ್ಲ ಎಂಬ ಸ್ಥಿತಿ. ಕ್ಯಾಚ್ ಒಳಗಿನ ಯಾವ ಸಾಲನ್ನೂ ಯಂತ್ರದಿಂದ ಅಳಿಸಬೇಡಿ. ಒಂದೊಂದನ್ನೂ ನೋಡಿ ಎರರ್ ಮಟ್ಟದ ಲಾಗ್‌ಗೆ ಏರಿಸಬೇಕೋ, ಎಕ್ಸೆಪ್ಷನನ್ನು ಮೇಲಕ್ಕೆ ಬಿಡಬೇಕೋ ನಿರ್ಧರಿಸಿ. ಲಾಗ್ ಮಾಡಿದರೆ ಬರೀ ಸಂದೇಶವಲ್ಲ, ಸ್ಟ್ಯಾಕ್ ಟ್ರೇಸ್, ಅಂದರೆ ಯಾವ ಫಂಕ್ಷನ್‌ನಿಂದ ಯಾವುದಕ್ಕೆ ಹೋಗಿ ಬಿದ್ದಿತು ಎಂಬ ಜಾಡು ಕೂಡ ಇರಲಿ.

ಲಾಗ್ ಒಳಗೆ ಅಡಗಿದ ಕೆಲಸ. ಸರದಿಯಿಂದ ಒಂದು ಅಂಶ ಹೊರತೆಗೆದು ಅದನ್ನೇ ಪ್ರಿಂಟ್ ಮಾಡುವ ಸಾಲು, ಎಣಿಕೆಯನ್ನು ಒಂದು ಏರಿಸಿ ತೋರಿಸುವ ಸಾಲು. ಇವು ಮಾಹಿತಿ ತೋರಿಸುವುದರ ಜೊತೆಗೆ ಸ್ಥಿತಿಯನ್ನೂ ಬದಲಿಸುತ್ತವೆ. ಇದಕ್ಕೆ ಸೈಡ್ ಎಫೆಕ್ಟ್ ಎನ್ನುತ್ತಾರೆ. ಸಾಲು ಹೋದರೆ ಕೆಲಸವೂ ಹೋಗುತ್ತದೆ. ಜಾವಾಸ್ಕ್ರಿಪ್ಟ್ ಕುಗ್ಗಿಸುವ ಟರ್ಸರ್‌ನಲ್ಲಿ ಡ್ರಾಪ್-ಕನ್ಸೋಲ್ ಎಂಬ ಆಯ್ಕೆಯಿದೆ. ಬಿಲ್ಡ್ ಮಾಡುವಾಗಲೇ ಕನ್ಸೋಲ್ ಕರೆಗಳನ್ನು ಕಿತ್ತುಹಾಕುತ್ತದೆ. ಸೈಡ್ ಎಫೆಕ್ಟ್ ಉಳಿಯಬೇಕಾದರೆ ಅದರ ಬದಲು ಪ್ಯೂರ್-ಫಂಕ್ಸ್ ಆಯ್ಕೆ ಬಳಸಿ ಎಂದು ಟರ್ಸರ್‌ನ ಕೈಪಿಡಿಯೇ ಹೇಳುತ್ತದೆ. ಲಾಗ್ ಕರೆಯ ಆವರಣದೊಳಗೆ ಇನ್ನೊಂದು ಫಂಕ್ಷನ್ ಕರೆ ಕಂಡರೆ ಆ ಸಾಲನ್ನು ಬೇರೆ ರಾಶಿಗೆ ಹಾಕಿ, ಕೈಯಾರೆ ನೋಡಿ.

ಲಾಗ್ ತೆಗೆದೊಡನೆ ಏಳುವ ಬಗ್. ಹಲವು ಥ್ರೆಡ್‌ಗಳಿರುವ, ಅಂದರೆ ಒಂದೇ ಹೊತ್ತಿಗೆ ಹಲವು ಕೆಲಸ ಸಾಗುವ, ಕೋಡ್‌ನಲ್ಲಿ ಇದು ನಿಜ. ಜಾವಾದ ಪ್ರಿಂಟ್‌ಎಲ್‌ಎನ್ ಬರೆಯುವಾಗ ಒಂದು ಬೀಗ ಹಿಡಿಯುತ್ತದೆ, ಸ್ವಲ್ಪ ಸಮಯವನ್ನೂ ತಿನ್ನುತ್ತದೆ. ಅಷ್ಟರಿಂದಲೇ ಎರಡು ಥ್ರೆಡ್‌ಗಳ ಜಗಳ ಮರೆಯಾಗಿರಬಹುದು. ಸಾಲು ತೆಗೆದ ಮೇಲೆ ಬಗ್ ಕಂಡರೆ ಸಾಲನ್ನು ವಾಪಸ್ ಹಾಕಿ ನೆಮ್ಮದಿಯಾಗಿ ಮಲಗಬೇಡಿ. ಬಗ್ ಮೊದಲಿಂದಲೂ ಇತ್ತು.

ಎಲ್ಲ ಅಳಿಸಿದ ಮೇಲೆ, ಲಾಗ್‌ಗಾಗಿಯೇ ಇದ್ದ ವೇರಿಯಬಲ್‌ಗಳು, ಇಂಪೋರ್ಟ್‌ಗಳು ಅನಾಥವಾಗಿ ಉಳಿಯುತ್ತವೆ. ಲಿಂಟರ್ ಅವನ್ನು ತೋರಿಸುತ್ತದೆ. ತೆಗೆಯುವ ಮೊದಲು ಬಲಭಾಗ ನೋಡಿ; 'ಫಲಿತಾಂಶ = ಉಳಿಸು(ಫೈಲ್)' ಎಂದಿದ್ದರೆ ಅನಾಥವಾದದ್ದು ಫಲಿತಾಂಶ, ಉಳಿಸುವ ಕೆಲಸವಲ್ಲ.

ಹಂತ 7: ಉಳಿಸಿಕೊಂಡ ಸಾಲುಗಳನ್ನು ಸರಿಪಡಿಸಿ

ಮೊದಲು ಮಟ್ಟ ಸರಿಮಾಡಿ. ಯಾರಾದರೂ ಎದ್ದು ಬಂದು ನೋಡಬೇಕಾದದ್ದು ಎರರ್. ಸೇವೆ ತಾನೇ ಸುಧಾರಿಸಿಕೊಂಡಿತು, ಆದರೂ ಗಮನಿಸಬೇಕು ಎಂಬುದು ವಾರ್ನಿಂಗ್. ಎಲ್ಲವೂ ಎರರ್ ಆದ ಕಡೆ ಯಾವುದೂ ಎರರ್ ಅಲ್ಲ, ನೋಡುವವರ ಕಣ್ಣು ಮಂಜಾಗುತ್ತದೆ. ಪೈಥಾನ್‌ನವರಿಗೆ ಒಂದು ಸೂಚನೆ: ಲಾಗಿಂಗ್‌ನ ಡೀಫಾಲ್ಟ್ ಮಟ್ಟ ವಾರ್ನಿಂಗ್. ಪ್ರಿಂಟನ್ನು ಇನ್ಫೋ ಮಾಡಿ 'ಲಾಗ್ ಬರುತ್ತಲೇ ಇಲ್ಲ' ಎಂದು ತಲೆ ಕೆರೆದುಕೊಳ್ಳುವವರ ಬಹುಪಾಲು ಗೋಳು ಇದು. ಮಟ್ಟವನ್ನು ಸಂರಚನೆಯಲ್ಲಿ ಇಳಿಸಬೇಕು.

ಆಮೇಲೆ ಖರ್ಚು. ಡಿಬಗ್ ಮಟ್ಟ ಆಫ್ ಇದ್ದರೆ ಸಾಲಿಗೆ ಬೆಲೆಯೇ ಇಲ್ಲ ಎಂದು ಬಹಳ ಜನ ನಂಬಿದ್ದಾರೆ. ಸಂದೇಶವನ್ನು ಪ್ಲಸ್ ಹಾಕಿ ಜೋಡಿಸಿದರೆ, ಲಾಗರ್ 'ಬೇಡ' ಎನ್ನುವ ಮೊದಲೇ ಜೋಡಣೆ ನಡೆದುಹೋಗಿರುತ್ತದೆ. ಜಾವಾದ ಎಸ್‌ಎಲ್‌ಎಫ್4ಜೆಯಲ್ಲಿ ಖಾಲಿ ಪುಷ್ಪಾವರಣವನ್ನು, ಪೈಥಾನ್‌ನಲ್ಲಿ ಶೇಕಡಾ ಚಿಹ್ನೆ ಮತ್ತು ಎಸ್ ಅಕ್ಷರವನ್ನು ಜಾಗ ಕಾಯಲು ಇಟ್ಟು, ಮೌಲ್ಯಗಳನ್ನು ಪ್ರತ್ಯೇಕವಾಗಿ ಕೊಡಿ. ಆಗ ಜೋಡಣೆ ಬೇಕಾದಾಗ ಮಾತ್ರ ನಡೆಯುತ್ತದೆ. ಆದರೆ ಆ ಮೌಲ್ಯವೇ ದೊಡ್ಡ ಆಬ್ಜೆಕ್ಟೊಂದನ್ನು ಜೇಸನ್ ಮಾಡುವ ಕರೆಯಾಗಿದ್ದರೆ ಈ ಉಪಾಯ ಸಾಲದು, ಆ ಕರೆ ಹೇಗೂ ನಡೆಯುತ್ತದೆ. ಅಲ್ಲಿ ಮಟ್ಟ ಆನ್ ಇದೆಯೇ ಎಂದು ಮೊದಲು ಕೇಳಿ ಮುಂದುವರಿಯಿರಿ. ಲಾಗ್4ಜೆ 2ರಲ್ಲಾದರೆ ಲ್ಯಾಂಬ್ಡಾ, ಅಂದರೆ ಬೇಕಾದಾಗ ಮಾತ್ರ ಓಡುವ ಪುಟ್ಟ ಫಂಕ್ಷನ್, ಕೊಡಬಹುದು. ಲೂಪ್ ಒಳಗಿನ ಸಾಲುಗಳಿಂದ ಶುರು ಮಾಡಿ, ಲಾಭ ಅಲ್ಲೇ ಕಾಣುತ್ತದೆ.

ಅಳಿಸಲೂ ಮನಸ್ಸಿಲ್ಲ, ಸದಾ ಬೀಳುವುದೂ ಬೇಡ ಎಂಬ ಸಾಲುಗಳಿಗೆ ಓಡುತ್ತಿರುವಾಗಲೇ ಆನ್ ಮಾಡುವ ಏರ್ಪಾಡು ಒಳ್ಳೆಯದು. ಲಿನಕ್ಸ್ ಕರ್ನಲ್‌ನ ಡೈನಮಿಕ್ ಡಿಬಗ್ ಇದಕ್ಕೆ ಮಾದರಿ: ಯಾವ ಫೈಲ್‌ನ ಯಾವ ಸಾಲಿನ ಡಿಬಗ್ ಸಂದೇಶ ಬೇಕೋ ಅದನ್ನಷ್ಟೇ, ಕರ್ನಲ್ ಮತ್ತೆ ಕಟ್ಟದೆ, ಆನ್ ಮಾಡಬಹುದು.

ಹಂತ 8: ಸಣ್ಣ ಸಣ್ಣ ಪುಲ್ ರಿಕ್ವೆಸ್ಟ್

ಪುಲ್ ರಿಕ್ವೆಸ್ಟ್ ಎಂದರೆ ನಿಮ್ಮ ಬದಲಾವಣೆಯನ್ನು ನೋಡಿ ಸೇರಿಸಿಕೊಳ್ಳಿ ಎಂಬ ಕೋರಿಕೆ. ನಾನೂರು ಫೈಲ್ ಮುಟ್ಟಿದ ಒಂದೇ ಪುಲ್ ರಿಕ್ವೆಸ್ಟನ್ನು ಯಾರೂ ಓದುವುದಿಲ್ಲ, ಒಪ್ಪಿಗೆ ಮಾತ್ರ ಒತ್ತುತ್ತಾರೆ. ಒಂದು ಮಾಡ್ಯೂಲ್‌ಗೆ ಒಂದು, ಅದರ ಜವಾಬ್ದಾರ ತಂಡದ ರಿವ್ಯೂಗೆ. ಬರೀ ಅಳಿಸಿದ್ದು ಒಂದು ಕಮಿಟ್, ಮಟ್ಟ ಬದಲಿಸಿದ್ದು ಇನ್ನೊಂದು. ಎರಡನ್ನೂ ಬೆರೆಸಿದರೆ ಮುಂದೆ ಒಂದನ್ನು ಹಿಂತೆಗೆಯಬೇಕಾದಾಗ ಎರಡೂ ಹೋಗುತ್ತವೆ. ಬ್ರೇಸ್ ಹಾಕಿದ ದೊಡ್ಡ ಕಮಿಟ್‌ನ ಗುರುತನ್ನು ಬ್ಲೇಮ್ ಕಡೆಗಣಿಸಬೇಕಾದ ಪಟ್ಟಿಗೆ ಸೇರಿಸಿ. 2019ರ ಗಿಟ್ 2.23ರಿಂದ ಈ ಸೌಲಭ್ಯವಿದೆ. ಇಲ್ಲದಿದ್ದರೆ ಇಡೀ ಕೋಡ್‌ಬೇಸ್ ನೀವೇ ಬರೆದಂತೆ ಕಾಣುತ್ತದೆ, ಪ್ರತಿ ಬಗ್‌ಗೂ ನಿಮ್ಮನ್ನೇ ಕರೆಯುತ್ತಾರೆ.

ಹಂತ 9: ಬಿಡುಗಡೆಯಾದ ಮೇಲೆ

ಮೊದಲ ಎರಡು ದಿನ ಲಾಗ್‌ನ ಗಾತ್ರ ನೋಡಿ. ಇಳಿಯದಿದ್ದರೆ ನೀವು ತೆಗೆದದ್ದು ಅಪರೂಪಕ್ಕೆ ಬೀಳುವ ಸಾಲುಗಳನ್ನು; ನಿಜವಾಗಿ ತುಂಬುತ್ತಿರುವುದು ಬೇರೆಲ್ಲೋ ಇದೆ, ಬಹುಶಃ ನಿಮ್ಮದಲ್ಲದ ಯಾವುದೋ ಲೈಬ್ರರಿಯಲ್ಲಿ. ಆ ಲೈಬ್ರರಿಯ ಲಾಗರ್‌ನ ಮಟ್ಟವನ್ನಷ್ಟೇ ಸಂರಚನೆಯಲ್ಲಿ ವಾರ್ನಿಂಗ್‌ಗೆ ಏರಿಸಿದರೆ ಒಂದು ಸಾಲಿನ ಬದಲಾವಣೆಯಲ್ಲಿ ಕೆಲಸವಾಗುತ್ತದೆ. ಗಾತ್ರ ತೀರಾ ಸೊನ್ನೆಗೆ ಹತ್ತಿರ ಬಂದರೂ ಅನುಮಾನಿಸಿ: ಕಸ ಹೋಯಿತೋ, ಲಾಗರ್‌ನ ಸಂರಚನೆಯೇ ಮುರಿಯಿತೋ? ಬೇಕೆಂದೇ ಒಂದು ತಪ್ಪು ರಿಕ್ವೆಸ್ಟ್ ಕಳಿಸಿ, ಎರರ್ ಬೀಳುತ್ತದೆಯೇ ನೋಡಿ.

ಬಿದ್ದರೆ, ಆ ಮಾಡ್ಯೂಲ್‌ನ ಸಾಲುಗಳನ್ನು ಬೇಸ್‌ಲೈನ್ ಫೈಲ್‌ನಿಂದ ತೆಗೆದು ಮುಂದಿನ ಮಾಡ್ಯೂಲ್‌ಗೆ ಹೋಗಿ. ಕೊನೆಯಲ್ಲಿ ಆ ಫೈಲ್‌ನಲ್ಲಿ ಹತ್ತಿಪ್ಪತ್ತು ಸಾಲು ಉಳಿಯುತ್ತವೆ, ಕಮಾಂಡ್ ಲೈನ್ ಸಾಧನಗಳ ನಿಜವಾದ ಪ್ರಿಂಟ್‌ಗಳು. ಅವುಗಳ ಪಕ್ಕದಲ್ಲೇ ಲಿಂಟರ್‌ಗೆ ವಿನಾಯಿತಿಯ ಕಾಮೆಂಟ್ ಬರೆದು, ಕಾರಣವನ್ನೂ ಬರೆದು, ಬೇಸ್‌ಲೈನ್ ಫೈಲನ್ನೇ ಅಳಿಸಿಬಿಡಿ.